ಗೋಡೆಗೆ ಸಿಮೆಂಟು ಮೆತ್ತಿದವರು

ಉಳಿ ಮತ್ತೆ ಜಾರಿತು. ಮೇಸ್ತ್ರಿ ಅಟ್ಟಣಿಗೆಯ ಮೇಲಿಂದಲೇ, ಇಡೀ ಗ್ರಂಥಾಲಯಕ್ಕೆ ಕೇಳುವಂತೆ ಶುರುಮಾಡಿದ.

“ಯಾವ ಮಹಾನುಭಾವರು ಮೆತ್ತಿದ್ರೋ ಈ ಸಿಮೆಂಟನ್ನ! ಅವರ ಕೈಗೆ ಚಿನ್ನದ ಕಡಗ ತೊಡಿಸ್ಬೇಕು!”

“ತೊಡಿಸೋರು ತೊಡಿಸಲಿ, ಬೇಡ ಅಂದೋರು ಯಾರು?” ಕೆಳಗೆ ಸುಣ್ಣ ಜರಡಿ ಹಿಡಿಯುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು.

ಪಕ್ಕದಲ್ಲಿ ನಿಂತಿದ್ದ ಇಂಜಿನಿಯರ್ ಹುಡುಗಿಗೆ ನಗು ಬರಲಿಲ್ಲ. ನೂರೈವತ್ತು ವರ್ಷದ ಇಟ್ಟಿಗೆ ಕಟ್ಟಡ. ಉತ್ತರದ ಗೋಡೆ ಸದಾ ಒದ್ದೆ; ಇಟ್ಟಿಗೆಗಳ ಮುಖ ನೆನೆದ ಬಿಸ್ಕತ್ತಿನಂತೆ ಉದುರುತ್ತಿತ್ತು. ಕೆಡವಿಬಿಡೋಣ ಎಂದು ಗ್ರಂಥಾಲಯ ಸಮಿತಿ ಹೆಚ್ಚುಕಡಿಮೆ ತೀರ್ಮಾನಿಸಿತ್ತು. ಇವಳೊಬ್ಬಳೇ ಅಡ್ಡ ನಿಂತು ನಾಲ್ಕು ತಿಂಗಳ ಗಡುವು ಪಡೆದಿದ್ದಳು. ಅಷ್ಟರೊಳಗೆ ಗೋಡೆ ಒಣಗಬೇಕು. ಒಣಗದಿದ್ದರೆ ಕಟ್ಟಡವೂ ಹೋಯಿತು, ಕಚೇರಿಯಲ್ಲಿ ಅವಳ ಮಾತಿಗಿದ್ದ ಬೆಲೆಯೂ ಹೋಯಿತು.

ಮೊದಲ ದಿನವೇ ಮೇಸ್ತ್ರಿ ಗೋಡೆಗೆ ಅಂಗೈ ಇಟ್ಟು ರೋಗ ಹೇಳಿದ್ದ. “ಇದಕ್ಕೆ ಉಸಿರು ಕಟ್ಟಿದೆ ಮೇಡಂ. ಮೊದಲು ಇಟ್ಟಿಗೆ ಸಂದಿನಲ್ಲಿ ಸುಣ್ಣದ ಗಾರೆ ಇತ್ತು. ಗೋಡೆ ಕುಡಿದ ನೀರನ್ನ ಅದರ ಮೂಲಕವೇ ಹೊರಗೆ ಬಿಡ್ತಿತ್ತು. ಅದನ್ನ ಕೆರೆದು ಸಿಮೆಂಟು ತುಂಬಿದ್ರು. ಮೂಗು, ಬಾಯಿ ಎರಡೂ ಬಂದ್. ಈಗ ನೀರು ಇಟ್ಟಿಗೇನೇ ತಿಂದುಕೊಂಡು ಹೊರಗೆ ಬರ್ತಿದೆ.”

“ತುಂಬಿದ್ದು ಯಾರು?”

ಮೇಸ್ತ್ರಿ ಕೆಮ್ಮಿದ. “ನಲವತ್ತು ವರ್ಷ ಆಯ್ತಲ್ಲ, ಬಿಡಿ.”

ಅವಳು ಬಿಡುವ ಪೈಕಿಯಲ್ಲ. ವರದಿಯಲ್ಲಿ ‘ಹಾನಿಗೆ ಕಾರಣರಾದವರು’ ಎಂಬ ಒಂದು ಅಂಕಣವೇ ಇತ್ತು. ಹಳೆಯ ಕಡತ ತೆಗೆಸಿದಳು. ಹೆಸರಿದ್ದ ಹಾಳೆಯನ್ನೇ ಹುಡುಕಿಕೊಂಡು ಹೋಗಿ ತಿಂದಂತೆ ಗೆದ್ದಲು ತಿಂದಿತ್ತು.

ಆದರೆ ಕಣ್ಣೆದುರಿಗೇ ಒಂದು ಅನುಮಾನ ಬೆಳೆಯುತ್ತಿತ್ತು. ಮೇಸ್ತ್ರಿಗೆ ಈ ಗೋಡೆಯ ಬಗ್ಗೆ ಗೊತ್ತಿರಬೇಕಾದುದಕ್ಕಿಂತ ಹೆಚ್ಚು ಗೊತ್ತಿತ್ತು. ಉಳಿ ಇಡುವ ಮೊದಲೇ “ಕಿಟಕಿ ಪಕ್ಕ ಸಿಮೆಂಟು ಎರಡು ಬೆರಳು ಆಳ ಇದೆ” ಅನ್ನುತ್ತಿದ್ದ, ಇರುತ್ತಿತ್ತು. ಒಮ್ಮೆ ಬಾಯಿ ತಪ್ಪಿ, “ಇಡೀ ಗೋಡೇನ ಹನ್ನೊಂದೇ ದಿನಕ್ಕೆ ಮುಗಿಸಿದ್ರು, ಗೊತ್ತಾ?” ಎಂದ. ಬೈಯುತ್ತ ಬೈಯುತ್ತಲೇ ಸಿಮೆಂಟಿನ ಗೆರೆಯ ಮೇಲೆ ಬೆರಳಾಡಿಸಿ, “ಕೆಲಸ ತಪ್ಪು. ಆದ್ರೆ ಗೆರೆ ನೋಡಿ, ನೂಲು ಹಿಡಿದ ಹಾಗಿದೆ” ಎಂದು ಹಿಗ್ಗಿದ.

ಇವನೇ, ಅಂದುಕೊಂಡಳು ಹುಡುಗಿ. ತಾನೇ ಮಾಡಿ ತನ್ನನ್ನೇ ಬೈದುಕೊಳ್ಳುತ್ತಿದ್ದಾನೆ!

ಒಂದು ಮಧ್ಯಾಹ್ನ, ಮೇಸ್ತ್ರಿ ಕೈ ತೊಳೆಯಲು ಹೋದಾಗ, ಅವನ ಹೆಂಡತಿಯ ಪಕ್ಕ ಕೂತು ಗಾಳ ಹಾಕಿದಳು. “ಇಂಥ ಕಟ್ಟಡಕ್ಕೆ ಇಂಥ ಕೆಲಸ ಮಾಡಿದವರಿಗೆ ತಲೇಲಿ ಏನಿತ್ತಮ್ಮ?”

ಜರಡಿ ನಿಂತಿತು.

“ತಲೇಲಿ ಮಿದುಳೇ ಇತ್ತಮ್ಮ. ಆಗ ಸಿಮೆಂಟು ಅಂದ್ರೆ ಎಲ್ಲರ ಕಣ್ಣೂ ಅರಳೋದು. ನಿಮ್ಮ ಹಾಗೆ ಓದಿದವರೇ ಬಂದು, ಸುಣ್ಣ ಕಿತ್ತುಹಾಕಿ, ಇದನ್ನ ತುಂಬಿ ಅಂದ್ರು. ಮನಸ್ಸಿಟ್ಟು ತುಂಬಿದ್ದು. ಗೋಡೆ ಹಾಳಾಗಲಿ ಅಂತ ಯಾರಾದ್ರೂ ಬೆವರು ಸುರಿಸ್ತಾರಾ?”

ಅವಳ ಕಣ್ಣು ತುಂಬಿತ್ತು. ಸುಣ್ಣದ ಧೂಳು ಎಂದು ಸೆರಗಿನಲ್ಲಿ ಒರೆಸಿಕೊಂಡಳು. ಗಂಡನನ್ನು ಹೇಗೆ ಕಾಪಾಡುತ್ತಾಳೆ, ಇಂಥವಳಿಗೆ ಗಾಳ ಹಾಕಿದೆನಲ್ಲ ಎಂದು ಹುಡುಗಿಗೆ ಒಳಗೊಳಗೇ ನಾಚಿಕೆಯಾಯಿತು. ಅನುಮಾನ ಮಾತ್ರ ಗಟ್ಟಿಯಾಯಿತು.

ಮಾರನೆಯ ದಿನ ಆ ಹೆಂಗಸು, ಮೊಣಕಾಲು ನೋವೆಂದು ಅಟ್ಟಣಿಗೆ ಹತ್ತುವುದನ್ನೇ ಬಿಟ್ಟಿದ್ದವಳು, ಏಣಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಗಂಡನ ಕೈಯಿಂದ ಕರಣೆ ಕಸಿದುಕೊಂಡಳು. ಮೇಸ್ತ್ರಿ ಎಂದೂ ಇಲ್ಲದಂತೆ ತುಟಿ ಪಿಟಕ್ಕೆನ್ನದೆ ಕೆಳಗಿಳಿದು ಗಾರೆ ಕಲಸತೊಡಗಿದ. ಒಂದು ವಾರ, ಕೊನೆಯ ಸಾಲಿನವರೆಗೂ, ಸಂದುಗಳಿಗೆ ಸುಣ್ಣದ ಗಾರೆ ಒತ್ತಿದವಳು ಅವಳೇ. ಬೇಗ ಒಣಗಿ ಬಿರುಕು ಬಿಡದಂತೆ ಒದ್ದೆ ಗೋಣಿ ಇಳಿಬಿಟ್ಟು, ದಿನಕ್ಕೆ ಮೂರು ಸಲ ಬಂದು ಮುಟ್ಟಿ ನೋಡಿದವಳೂ ಅವಳೇ.

ಗಡುವಿನ ದಿನ ಸಮಿತಿ ಬಂತು. ಅಧ್ಯಕ್ಷರು ಗೋಡೆಗೆ ಅಂಗೈ ಒತ್ತಿದರು. ನಂಬಿಕೆ ಬರದೆ ಕನ್ನಡಕ ತೆಗೆದು ಕೆನ್ನೆಯನ್ನೇ ಒತ್ತಿದರು. ಕೆನ್ನೆಗೆ ಸ್ವಲ್ಪ ಸುಣ್ಣ ಹತ್ತಿತು, ಪಸೆ ಹತ್ತಲಿಲ್ಲ. ಕೆಡವುವ ಮಾತು ಅಲ್ಲಿಗೇ ನಿಂತಿತು. ಅವರ ಕಾರು ಗೇಟು ದಾಟುವವರೆಗೆ ಹೇಗೋ ತಡೆದಿದ್ದ ಹುಡುಗಿ ಆಮೇಲೆ ಅಂಗಳದಲ್ಲೇ ಎರಡು ಸುತ್ತು ಕುಣಿದಳು.

ಕುಣಿದು ಮುಗಿದ ಮೇಲೆ ವರದಿ ಬಿಚ್ಚಿದಳು. ಆ ಒಂದು ಅಂಕಣ ಇನ್ನೂ ಖಾಲಿ.

“ನಿಮ್ಮ ಹೆಸರು ಬರೆಯಲ್ಲ, ಮಾತು ಕೊಡ್ತೀನಿ,” ಎಂದಳು ಮೆಲ್ಲಗೆ. “ಆದ್ರೆ ನನಗಾದ್ರೂ ನಿಜ ಹೇಳಿ ಮೇಸ್ತ್ರಿ. ಅವತ್ತು ಸಿಮೆಂಟು ಮೆತ್ತಿದ್ದು ನೀವೇ ತಾನೆ?”

“ನಾನಾ?” ಮೇಸ್ತ್ರಿಗೆ ಸಿಟ್ಟೇ ಬಂತು. “ನಮ್ಮ ಮನೇಲಿ ತಾತನ ಕಾಲದಿಂದ ಸುಣ್ಣ ಬಿಟ್ಟು ಬೇರೆ ಮುಟ್ಟಿದವರಿಲ್ಲ! ಇಲ್ಲಿ ಸಿಮೆಂಟು ತುಂಬ್ತಿದ್ದಾರೆ ಅಂತ ಕೇಳಿ ಜಗಳಕ್ಕೆ ಬಂದವನು ನಾನು. ಹನ್ನೊಂದು ದಿನ ಅಟ್ಟಣಿಗೆ ಕೆಳಗೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಅವರು ಒಂದು ದಿನಾನೂ ಇಳಿದು ಬರಲಿಲ್ಲ. ಕೈ ಕೆಲಸ ನಿಲ್ಲಿಸದೆ ಮೇಲಿಂದಲೇ ಎರಡರಷ್ಟು ಬೈದ್ರು.”

“ಆಮೇಲೆ?”

“ಹನ್ನೆರಡನೇ ದಿನ ಅವರಪ್ಪನ ಹತ್ತಿರ ಹೋಗಿ ಹೆಣ್ಣು ಕೇಳಿದೆ.”