ಹಾಲು ಹರಿದ ಬೀದಿ

ಹೊಸ ಊರಿನ ಬಾಡಿಗೆ ಮನೆಯಲ್ಲಿ ದ್ಯಾವಮ್ಮ ಉಕ್ಕಿಸಿದ ಹಾಲು ಬೀದಿಯುದ್ದಕ್ಕೂ ಹೊಳೆಯಾಗಿ ಹರಿದು, ಅದರಲ್ಲಿ ಎಮ್ಮೆಗಳು ಈಜಾಡಿದವಂತೆ! ಫೋನಿನಲ್ಲಿ ಅಕ್ಕನಿಗೆ ಅವಳು ಹೇಳಿದ್ದೇ ಹಾಗೆ.

"ಬುಡು, ನಿನ್ ಬಾಯಿಗೆ ಬೀಗ ಇಲ್ಲ. ಅಕ್ಕಪಕ್ಕದೋರು ಹೆಂಗವ್ರೆ?"

"ಚಿನ್ನದಂಥೋರು ಕಣಕ್ಕ. ಮನೆಮನೆಗೂ ಒಂದೊಂದು ಲೋಟ ಹಾಲು ಕೊಟ್ಟು ಬಂದೆ. ನಗ್‌ನಗ್ತಾ ಈಸ್ಕೊಂಡ್ರು. ಯಾವೂರು, ಯಾವ ಜನ ಅಂತೆಲ್ಲಾ ಬಾಯ್ತುಂಬಾ ಕೇಳುದ್ರು. ಹೇಳ್ದೆ."

"ಹಂಗಾರೆ ನಿನ್ ಪಕ್ಕದ ಮನೆ ಖಾಲಿ ಐತಲ್ಲ, ಅದನ್ನ ನಮಗೆ ಗೊತ್ತು ಮಾಡು. ನಾಳೆಗೇ ಮಕ್ಕಳನ್ನ ಕಟ್ಕೊಂಡು ಬಂದ್ಬುಡ್ತೀವಿ."

ಬೀದಿಗೆಲ್ಲಾ ಕೇಳುವಂತೆ ಮಾತಾಡುತ್ತಿದ್ದ ದ್ಯಾವಮ್ಮನ ದನಿ ತಟ್ಟನೆ ಇಳಿಯಿತು.

"ಬ್ಯಾಡ ಕಣಕ್ಕ. ಎಮ್ಮೆ ಈಜಿದ್ದು ಸುಳ್ಳು. ಹಾಲು ಹರಿದದ್ದು ಮಾತ್ರ ದಿಟ. ನಾನು ಬೆನ್ನು ತಿರುಗಿಸ್ತಿದ್ದಂಗೇ ಎಲ್ಲಾರೂ ಮೋರಿಗೆ ಸುರಿದ್ರು."