ಬೀಸುಕಲ್ಲಿನ ಕೀರ್ತನೆ

ತಪ್ಪು ನನ್ನದೇ. ಕಂಡವರನ್ನೆಲ್ಲ ನಕಲು ಮಾಡುವ ಚಟ ನನಗಿತ್ತು, ಬುದ್ಧಿ ಮಾತ್ರ ಇನ್ನೂ ಬಂದಿರಲಿಲ್ಲ. ಈಗಲೂ ಗಿರಣಿಯಿಂದ ಬಿಸಿ ಜೋಳದ ಹಿಟ್ಟಿನ ವಾಸನೆ ಬಂದರೆ ಆ ರವಿವಾರ ನೆನಪಾಗುತ್ತದೆ.

ಆಯಿ, ಅಂದರೆ ನನ್ನವ್ವನ ಅವ್ವ, ಕಮಲಾಪುರದಿಂದ ಕಲಬುರಗಿಯ ನಮ್ಮ ಮನೆಗೆ ಬಂದಿದ್ದಳು. ಆರಾಧನೆ ಮುಗಿದು ಚರ್ಚಿನ ಅಂಗಳದಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು. ಒಳಗೆ ಹಾಡಿದ ಕೀರ್ತನೆಯ ಧಾಟಿಯೂ ಆಯಿ ಬೀಸುವಾಗ ಹಾಡುತ್ತಿದ್ದ ಪದದ ಧಾಟಿಯೂ ಒಂದೇ ಎಂದು ನನಗೆ ಹೊಳೆದಿತ್ತು. ನೆಲಕ್ಕೆ ಕೂತು, ಇಲ್ಲದ ಬೀಸುಕಲ್ಲು ತಿರುಗಿಸುತ್ತ, ಬೊಚ್ಚುಬಾಯಿ ಮಾಡಿಕೊಂಡು ಅವಳ ಪದ ಹಾಡಿಬಿಟ್ಟೆ. ಆಯಿಯ ಕಿರಿಮಗಳು, ತೀರಿಹೋದ ನನ್ನ ಚಿಕ್ಕವ್ವನ ಹೆಸರು ಬರುವಲ್ಲಿ ಆಯಿಯ ದನಿ ನಡುಗುತ್ತಿತ್ತು. ಅದನ್ನೂ ಬಿಡಲಿಲ್ಲ. ಜನ ಚಹಾ ಚೆಲ್ಲುವಷ್ಟು ನಕ್ಕರು.

ಕೀರ್ತನೆ ಕಲಿಸುವ ಮಾಸ್ತರರು ನಗಲಿಲ್ಲ. ಎಲ್ಲರೆದುರೇ ಆಯಿಯತ್ತ ಬೆರಳು ತೋರಿಸಿದರು. "ದೇವರ ರಾಗ ಕದ್ದು ಬೀಸುಕಲ್ಲಿಗೆ ಹಾಕೀದೇನ ಮುದುಕಿ? ಇನ್ನ ಮ್ಯಾಲ ಆ ಪದ ನಿನ್ನ ಬಾಯಾಗ ಬರಬಾರದು."

ಆಯಿ ನನ್ನತ್ತ ನೋಡಲೇ ಇಲ್ಲ. ಚಹಾದ ಬಸಿಯನ್ನು ಕೆಳಗಿಟ್ಟಳು.

"ಮಾಸ್ತರ್ರ, ಹಳೇ ಪಾದ್ರಿ ನಮ್ಮವ್ವನ ಬೀಸುಕಲ್ಲಿನ ಮುಂದ ಕುಂತು ಆ ರಾಗ ಕಲ್ತು ಕೀರ್ತನಿಗೆ ಹಾಕ್ಯಾರ. ನನ್ನ ಮಗಳ ಹೆಸರು ನಿಮಗ ಬ್ಯಾಡಂದ್ರ, ನಮ್ಮ ರಾಗ ನಮಗ ಕೊಟ್ಟು, ಮುಂದಿನ ರವಿವಾರ ಬಾಯಿ ಮುಚ್ಚಿ ಕುಂದರ್ರಿ."