ರಂಗಮ್ಮನ ಮಗ ಕಂಪೌಂಡರ್

"ನೀನು ಕುಯ್ಯೋದಾ? ಕೈ ತೆಗೀಲಾ ಹುಚ್ಚ! ಹೋಗಿ ಡಾಕ್ಟ್ರನ್ನ ಕರ್ಕಂಡ್ ಬಾ" ಎಂದು ಬಿಳಿಗೆರೆಯ ಗಂಗಾಧರಯ್ಯ ತಿಪಟೂರಿನ ಆಸ್ಪತ್ರೆ ಅದುರುವಂತೆ ಕೂಗಿದರು. ಮಂಚದ ಮೇಲೆ ಅವರ ಹೆಂಡತಿ ವಿಮಲಮ್ಮ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದರು.

"ನಾನೇ ಡಾಕ್ಟ್ರು ಸ್ವಾಮಿ. ಅಪೆಂಡಿಕ್ಸ್ ಒಡೆದೈತೆ. ಈಗ್ಲೇ ಆಪರೇಷನ್ ಮಾಡ್ದಿದ್ರೆ ಉಳಿಯಲ್ಲ" ಎಂದ ಹುಚ್ಚಣ್ಣ. ಮೈಸೂರಿನಲ್ಲಿ ಓದಿ ಸರ್ಜನ್ ಆಗಿ ಇಲ್ಲಿಗೆ ಬಂದು ಇನ್ನೂ ವಾರ ಕಳೆದಿರಲಿಲ್ಲ.

"ಸುಳ್ಳು ಬೊಗಳಬ್ಯಾಡ. ನೀನು ಕಂಪೌಂಡರ್ ಅಂತ ಊರಿಗೆಲ್ಲ ಗೊತ್ತು. ನಿಮ್ಮವ್ವನೇ ಹೇಳವಳೆ!"

ನರ್ಸು ಹೇಳಿದಳು, ಜವಾನ ಹೇಳಿದ. ಗಂಗಾಧರಯ್ಯ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೆತ್ತವಳಿಗಿಂತ ಇವರಿಗೆ ಹೆಚ್ಚು ಗೊತ್ತೇ? ತುಮಕೂರಿಗೇ ಕರೆದೊಯ್ಯುತ್ತೇನೆಂದು ಅಂಬಾಸಿಡರ್ ಕಾರಿನ ಕಡೆ ಹೊರಟೇಬಿಟ್ಟರು. ಅಷ್ಟು ದೂರ ಆಕೆಯ ಜೀವ ತಡೆಯುವುದಿಲ್ಲವೆಂದು ಹುಚ್ಚಣ್ಣನಿಗೆ ಗೊತ್ತಿತ್ತು.

ಅವನ ತಾಯಿ ರಂಗಮ್ಮ ಬಾಗಿಲ ಬಳಿಯೇ ಇದ್ದಳು. ಗಂಗಾಧರಯ್ಯನವರ ತೋಟದಲ್ಲಿ ಕಾಯಿ ಸುಲಿದು ಮಗನನ್ನು ಓದಿಸಿದವಳು. ಇಂದು ವಿಮಲಮ್ಮನನ್ನು ನೋಡಿಕೊಳ್ಳಲೆಂದು ಕಾರಿನಲ್ಲಿ ಜೊತೆಗೆ ಬಂದಿದ್ದಳು.

"ಅವ್ವಾ, ನಾನು ಏನು ಅಂತ ಹೇಳವ್ವ" ಎಂದ ಹುಚ್ಚಣ್ಣ. ಅವಳು ಮುಖ ಆಚೆ ತಿರುಗಿಸಿದಳು. ಅವನಿಗೆ ದಿಕ್ಕೇ ತೋಚದಾಯಿತು. ಹೊಟ್ಟೆಗೆ ಹಿಟ್ಟಿಲ್ಲದೆ ಓದಿ ಮೇಲೆ ಬಂದ ಮಗನನ್ನು ಡಾಕ್ಟರೆಂದು ಹೇಳಿಕೊಳ್ಳಲು ಇವಳಿಗೆ ನಾಚಿಕೆಯೇ? ಅಥವಾ ಇವಳಿಗೂ ನಂಬಿಕೆಯಿಲ್ಲವೇ? ಅಳುವೇ ಬಂತು, ಆದರೆ ಡಾಕ್ಟರಾದವನು ಅಳುವ ಹಾಗಿಲ್ಲವಲ್ಲ.

ವಿಮಲಮ್ಮ ಮತ್ತೆ ಕಿರುಚಿದರು. ರಂಗಮ್ಮ ಓಡಿಹೋಗಿ ಗಂಗಾಧರಯ್ಯನವರಿಗೆ ಅಡ್ಡ ನಿಂತಳು.

"ಸುಳ್ಳು ಹೇಳಿದ್ದು ನಾನು ಸ್ವಾಮಿ. ಇವ್ನೇ ಕುಯ್ಯೋ ಡಾಕ್ಟ್ರು. ಇವನಿಗಿಂತ ಮುಂಚೆ ಹುಟ್ಟಿದ್ ಮೂರೂ ಹೋದ್ವು. ಇದಾದ್ರೂ ಉಳೀಲಿ ಅಂತ ಹುಚ್ಚ ಅಂತ ಹೆಸರಿಟ್ಟೆ. ಈಗ ಡಾಕ್ಟ್ರು ಅಂತ ಸಾರಿ ಊರೋರ ಕೆಟ್ ಕಣ್ಣಿಗೆ ಬೀಳಿಸ್ಲಾ? ನಿಮ್ ಹುಡುಗ ಬ್ಯಾರೆ ಎಸ್ಸೆಸ್ಸೆಲ್ಸಿ ದಾಟ್ಲಿಲ್ಲ..."

ಗಂಗಾಧರಯ್ಯ ಕಾರಿನ ಕಡೆಯಿಂದ ಹಿಂದಕ್ಕೆ ತಿರುಗಿದರು. ಹೆಂಡತಿಯ ಕಡೆ ನೋಡಿ, "ಕುಯ್ಯಪ್ಪ" ಎಂದಷ್ಟೇ ಹೇಳಿದರು.

ಸಂಜೆ ಹುಚ್ಚಣ್ಣ ಹೊರಗೆ ಬಂದು, "ಉಳ್ಕಂಡ್ರು, ಭಯ ಇಲ್ಲ" ಎಂದ. ಗಂಗಾಧರಯ್ಯನವರ ಕಣ್ಣು ತುಂಬಿತು. ಎಲ್ಲರೆದುರು ಎರಡೂ ಕೈ ಎತ್ತಿ ಮುಗಿದು, "ನೀವು ದೇವ್ರು ಕಣ್ರೀ ಡಾಕ್ಟ್ರೇ! ನಮ್ ತಾಲ್ಲೂಕಲ್ಲೇ ನಿಮ್ಮಂಥೋರು..." ಎನ್ನುತ್ತಿದ್ದಂತೆ ರಂಗಮ್ಮ ನಡುವೆ ನುಗ್ಗಿದಳು.

"ಬ್ಯಾಡಿ ಸ್ವಾಮಿ, ಹೊಗಳಬ್ಯಾಡಿ! ನಿಮ್ ಕಾಲಿಗೆ ಬೀಳ್ತೀನಿ, ಒಂದ್ಸಲ ಬೈದುಬುಡಿ."

ಗಂಗಾಧರಯ್ಯ ತಬ್ಬಿಬ್ಬಾದರು. ಒಂದು ಬೈಗುಳವೂ ಬಾಯಿಗೆ ಬರಲಿಲ್ಲ. ಹುಚ್ಚಣ್ಣ ಅವ್ವನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ, ಬೈಸಿಕೊಳ್ಳಲು ನಿಂತ.